ಬಾವಿ ತೊಳೆದ ಹಾಗೆ ತೊಳೆದ ಟ್ಯಾಂಕು

ನನ್ನ ಮೊಮ್ಮಗಳಿಗೆ ಈಗ ಹನ್ನೊಂದು ತಿಂಗಳು. ಕೆಳಗಿನ ವಸಡಿನಲ್ಲಿ ಎರಡು ಹಲ್ಲು ಬಂದಿವೆ. ಈ ವಿಷಯವನ್ನು ಕಾಲೊನಿಯ ಗೇಟಿನ ವಾಚ್‌ಮನ್‌ನಿಂದ ಹಿಡಿದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರವರೆಗೆ ಎಲ್ಲರಿಗೂ ಹೇಳಿ ಆಗಿದೆ. ನಿಮಗೂ ಹೇಳಿದೆ. ಅವಳ ಬಗ್ಗೆ ಬರೆಯುತ್ತಾ ಹೋದರೆ ಪುಸ್ತಕವೇ ಮುಗಿದೀತು, ಬರೆಯಬೇಕಾದದ್ದು ಬಾರದು. ಬರೆಯಬೇಕಾದದ್ದು ಅವಳು ಹುಟ್ಟಿದ ವಾರ ನಾನು ಮಾಡಿದ ಒಂದು ಕೆಲಸದ ಬಗ್ಗೆ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆದವನಲ್ಲ ನಾನು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಮೂಡುಬಿದಿರೆಯಿಂದ ಮಿಜಾರಿಗೆ ಹೋಗುವ ಕಡೆ ಗುಡ್ಡದ ಇಳಿಜಾರಿನಲ್ಲಿ ನಮ್ಮ ಕಾಲೊನಿ ಉಂಟು. ಅರುವತ್ತರಷ್ಟು ಮನೆ, ಒಂದು ಸಣ್ಣ ಹಾಸ್ಟೆಲು. ಅಷ್ಟೂ ಮನೆಗಳ ಬಚ್ಚಲು, ಕಕ್ಕಸು, ಅಡುಗೆಮನೆಯ ನೀರು ಕೆಳಗೆ ಬಂದು ಸೇರುವ ಜಾಗದಲ್ಲಿ ನನಗೆ ಕೆಲಸ. ಮೊದಲು ಜಾಲರಿ, ಅಲ್ಲಿ ಸಿಕ್ಕಿದ ಕಸವನ್ನು ಕೈಸಲಾಕೆಯಲ್ಲಿ ಎಳೆದು ತೆಗೆಯಬೇಕು. ಆಮೇಲೆ ನೀರು ಒಟ್ಟುಗೂಡುವ ತೊಟ್ಟಿ. ಆಮೇಲೆ ದೊಡ್ಡ ಟ್ಯಾಂಕು. ಅದರ ಅಡಿಯಲ್ಲಿ ಪೈಪುಗಳಿವೆ, ಬ್ಲೋವರಿನಿಂದ ಗಾಳಿ ಬಂದು ನೀರೆಲ್ಲ ಗಂಜಿ ಕುದಿದ ಹಾಗೆ ಕುದಿಯುತ್ತಿರುತ್ತದೆ. ಅಲ್ಲಿಂದ ನೀರು ತಿಳಿಯಾಗುವ ತೊಟ್ಟಿಗೆ ಹೋಗಿ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ನೀರು ಮರಳಿನಲ್ಲಿ ಸೋಸಿ ತೋಡಿಗೆ, ಅಂದರೆ ಕೆಳಗಿನ ಸಣ್ಣ ಹಳ್ಳಕ್ಕೆ, ಇಳಿಯುತ್ತದೆ. ತಳದ ಕೆಸರನ್ನು ಪಂಪಿನಲ್ಲಿ ಪುನಃ ದೊಡ್ಡ ಟ್ಯಾಂಕಿಗೆ ಕಳಿಸುತ್ತಾ ಇರಬೇಕು. ಆ ‘ಪುನಃ ಕಳಿಸುವುದು’ ನನಗೆ ಹಿಡಿಸದ ಕೆಲಸ. ತೆಗೆದ ಕೆಸರನ್ನು ಯಾರಾದರೂ ಮತ್ತೆ ಒಳಗೆ ಹಾಕುತ್ತಾರಾ?

ಯಾಕೆಂದರೆ ಇದಕ್ಕೆ ಮೊದಲು ನಾನು ಬಾವಿಗೆ ಇಳಿಯುವವನು. ತೋಡುವುದು, ಬೇಸಿಗೆಯಲ್ಲಿ ಇಳಿದು ಕೆಸರು ತೆಗೆಯುವುದು, ಕಲ್ಲು ಉಜ್ಜಿ ಬ್ಲೀಚಿಂಗ್ ಹಾಕುವುದು. ಕೆಸರು ಹೋದರೆ ಬಾವಿ ಚೊಕ್ಕ, ನೀರು ಕನ್ನಡಿ. ನನ್ನ ಕೈಗೆ ಗೊತ್ತಿದ್ದದ್ದು ಇಷ್ಟೆ.

ವಾರಕ್ಕೊಮ್ಮೆ ಟ್ಯಾಂಕು ನೋಡಲಿಕ್ಕೆ ಒಬ್ಬಳು ಎಂಜಿನಿಯರ್ ಹುಡುಗಿ ಬರುತ್ತಿದ್ದಳು. ಗದಗದ ಕಡೆಯವಳು, ಇಲ್ಲೇ ಕಲಿತು ಇಲ್ಲೇ ಕೆಲಸಕ್ಕೆ ನಿಂತವಳು. ಮೊದಲ ದಿನವೇ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಟ್ಯಾಂಕಿನ ನೀರು ತುಂಬಿಸಿ ಕಟ್ಟೆಯ ಮೇಲಿಟ್ಟಳು. ಅರ್ಧ ಗಂಟೆಯಲ್ಲಿ ಕಂದು ಕೆಸರು ಮೂರನೇ ಒಂದು ಪಾಲಿಗೆ ಕೂತಿತು, ಮೇಲೆ ತಿಳಿನೀರು ನಿಂತಿತು.

“ನೋಡ್ರಿ ಅಜ್ಜಾ, ಈ ಕೆಸರು ಜೀವಂತ ಐತಿ. ಹೊಲಸು ತಿನ್ನೋದು ಇದಾ. ಇದನ್ನ ಕಳಕೊಂಡ್ರ ಟ್ಯಾಂಕ್ ಅಂದ್ರ ಬರೇ ಗೋಡಿ ರೀ.”

ನಾನು ತಲೆ ಆಡಿಸಿದೆ. ಕಲಿತವರು ಹೀಗೆ ಏನಾದರೂ ಹೇಳುತ್ತಾರೆ, ಕೇಳಿಸಿಕೊಳ್ಳಬೇಕು ಅಂತ.

ಕಾಲೊನಿಯ ಕೆಳಗೆ ತೋಡು. ಮಳೆ ಬಿಟ್ಟ ಮೇಲೆ ಊರಿನವರು ತೋಡಿಗೆ ಅಡ್ಡ ಎರಡು ಸಾಲು ಹಲಗೆ ನಿಲ್ಲಿಸಿ, ನಡುವೆ ಜೇಡಿಮಣ್ಣು ತುಂಬಿ ಕಟ್ಟ ಹಾಕುತ್ತಾರೆ. ಹರಿಯುವ ನೀರು ಅಲ್ಲಿ ಕೆರೆಯಾಗಿ ನಿಲ್ಲುತ್ತದೆ. ಅಲಸಂಡೆ, ಬಸಳೆ, ಸೌತೆ ಎಲ್ಲ ಅದರಲ್ಲೇ. ಇಲ್ಲಿಯ ನೆಲ ಮುರಕಲ್ಲು, ಜೇನುಗೂಡಿನ ಹಾಗೆ ತೂತು. ಕಟ್ಟದ ನೀರು ಒಳಗಿಂದೊಳಗೆ ಇಳಿದು ಅಕ್ಕಪಕ್ಕದ ಬಾವಿಗಳನ್ನೂ ಮೇ ತಿಂಗಳವರೆಗೆ ತುಂಬಿಸಿ ಇಡುತ್ತದೆ. ಟ್ಯಾಂಕಿನ ಪೈಪು ತೋಡಿಗೆ ಸೇರುವುದು ಈ ಕಟ್ಟಕ್ಕಿಂತ ಸ್ವಲ್ಪ ಮೇಲೆ. ನನ್ನ ಮನೆ ಕಟ್ಟದ ಪಕ್ಕದಲ್ಲೇ. ಬಾವಿ ತೋಡಿನ ದಡದಿಂದ ಹತ್ತು ಹೆಜ್ಜೆ. ಅದನ್ನು ತೋಡಿದವನು ನಾನೇ.

ಕಳೆದ ಡಿಸೆಂಬರಿನಲ್ಲಿ ಕಟ್ಟ ಹಾಕಿ ಎರಡು ವಾರ ಆಗಿತ್ತು, ಮಗಳಿಗೆ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದು ಕೈಯಲ್ಲಿ ಕೊಟ್ಟಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಐದು ದಿನ ಬಿಟ್ಟು ಮನೆಗೆ ಕಳಿಸುತ್ತೇವೆ ಅಂದರು. ಚೊಚ್ಚಲ ಹೆರಿಗೆಯ ಬಾಣಂತನ ತವರಿನಲ್ಲಿ, ನಲವತ್ತು ದಿನ ನನ್ನ ಮನೆಯಲ್ಲೇ ಮಗು. ನನ್ನ ಹೆಂಡತಿ ಮನೆ ಸಾರಿಸಿದಳು, ಹಂಡೆಗೆ ಹುಳಿ ತಿಕ್ಕಿ ಬೆಳಗಿಸಿದಳು. ನನಗೂ ಏನನ್ನಾದರೂ ತೊಳೆಯದೆ ಕೂರಲಿಕ್ಕೆ ಆಗಲಿಲ್ಲ.

ಅದೇ ಹೊತ್ತಿಗೆ ಕಾಲೊನಿಯ ಸಂಘದ ಕಾರ್ಯದರ್ಶಿ ಬಂದು, “ಅಜ್ಜೆರೆ, ಶನಿವಾರ ಬೇರೆ ಕಾಲೊನಿಯವರು ನಮ್ಮ ಟ್ಯಾಂಕು ನೋಡಲಿಕ್ಕೆ ಬರ್ತಾರೆ. ಸ್ವಲ್ಪ ಚಂದ ಮಾಡಿ ಇಡಿ ಆಯ್ತಾ,” ಅಂದರು. ಎಂಜಿನಿಯರ್ ಹುಡುಗಿ ಆ ವಾರ ಬೇರೆ ಕಡೆ ಹೋಗಿದ್ದಳು.

ನಾನು ಚಂದ ಮಾಡಿದೆ. ಬ್ಲೋವರ್ ನಿಲ್ಲಿಸಿದೆ. ಕೆಸರೆಲ್ಲ ತಳಕ್ಕೆ ಕೂರಲಿ ಅಂತ ಬಿಟ್ಟು, ಪಂಪು ಇಳಿಸಿ ಎಳೆದು, ಕೆಸರು ಒಣಗಿಸಲಿಕ್ಕೆ ಇರುವ ಮರಳಿನ ಹಾಸಿನ ಮೇಲೆ ಹಾಕಿದೆ. ತಿಳಿಯಾಗುವ ತೊಟ್ಟಿಯ ತಳದ್ದೂ ಬಿಡಲಿಲ್ಲ. ಗೋಡೆಗೆ ಅಂಟಿದ್ದ ಲೋಳೆಯನ್ನು ತೆಂಗಿನ ನಾರಿನ ಕತ್ತದಲ್ಲಿ ಉಜ್ಜಿದೆ. ಕೊನೆಗೆ ಬಾವಿಗೆ ಹಾಕುವ ಹಾಗೆ ಬ್ಲೀಚಿಂಗ್ ಪೌಡರ್ ಕದಡಿ ಸುತ್ತಲೂ ಎರಚಿ, ಬ್ಲೋವರ್ ಪುನಃ ಶುರು ಮಾಡಿದೆ. ಎರಡು ದಿನದ ಕೆಲಸ. ಬೆನ್ನು ನೋಯಲಿಲ್ಲ, ಹಸಿವಾಗಲಿಲ್ಲ. ಕೆಲಸ ಮಾಡುತ್ತಾ ಮಗುವಿಗೆ ಹೆಸರು ಹುಡುಕುತ್ತಿದ್ದೆ.

ಶನಿವಾರ ಬಂದವರು ಟ್ಯಾಂಕಿನೊಳಗೆ ಇಣುಕಿ, “ಕುಡಿಯಬಹುದು ಅಂತ ಕಾಣ್ತದೆ,” ಅಂದರು. ಕಾರ್ಯದರ್ಶಿ ಫೋಟೋ ತೆಗೆದರು. ಭಾನುವಾರ ಮಗಳು, ಮಗು ಮನೆಗೆ ಬಂದರು. ನನ್ನ ಆಯುಷ್ಯದಲ್ಲಿ ಅಂಥ ಎರಡು ದಿನ ಇನ್ನೊಮ್ಮೆ ಬಂದದ್ದಿಲ್ಲ.

ಸೋಮವಾರ ಟ್ಯಾಂಕಿನ ಮೇಲೆ ಬಿಳಿ ನೊರೆ. ಮಂಗಳವಾರ ನೊರೆ ಕಟ್ಟೆ ದಾಟಿ ಕೆಳಗೆ ಇಳಿಯಿತು. ಬುಧವಾರ ನೀರು ಅಕ್ಕಿ ತೊಳೆದ ನೀರಿನ ಬಣ್ಣ, ವಾಸನೆ ಕೊಳೆತ ಮೊಟ್ಟೆಯದ್ದು. ಜಾಡಿಯಲ್ಲಿ ತುಂಬಿಸಿ ಅರ್ಧ ಗಂಟೆ ಕಾದೆ, ಒಂದು ಗಂಟೆ ಕಾದೆ. ಕೂರಲಿಕ್ಕೆ ಏನೂ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಬೂದಿ ಬಣ್ಣ. ಮರಳಿನ ಸೋಸು ತೊಟ್ಟಿಯೂ ಕಟ್ಟಿಕೊಂಡಿತು. ಬಂದ ನೀರು ಮರಳಿನ ಮೇಲಿಂದ ಉಕ್ಕಿ, ಬಂದ ಹಾಗೇ ತೋಡಿಗೆ ಹೋಗುತ್ತಿತ್ತು.

ಅದು ನನ್ನ ಕೈಯಿಂದ ಆದದ್ದು ಅಂತ ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹಾಸಿನ ಮೇಲೆ ಒಣಗುತ್ತಿದ್ದ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ಕಾಲೊನಿಯ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ. ಟ್ಯಾಂಕಿಗೆ ಸೆಗಣಿ ಕದಡಿ ಹಾಕಿದೆ, ಬೆಲ್ಲದ ನೀರು ಹಾಕಿದೆ. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಎಂಜಿನಿಯರ್ ಹುಡುಗಿ ಬಂದಳು. ಗೇಟಿನಲ್ಲೇ ಮೂಗಿಗೆ ಸೆರಗು ಒತ್ತಿಕೊಂಡಳು.

“ಏನಾತ್ರಿ ಅಜ್ಜಾ? ಖರೆ ಹೇಳ್ರಿ.”

“ಕರೆಂಟು ಇರಲಿಲ್ಲ ಮೇಡಂ. ಬ್ಲೋವರ್ ನಿಂತಿತ್ತು.”

ನಮ್ಮ ಕಡೆ ಕರೆಂಟಿನ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ. ಅವಳೂ ನಂಬಿದಳು. ಬ್ಲೋವರ್ ಬಿಚ್ಚಿಸಿ ಬೆಲ್ಟು ಬದಲಿಸಿದಳು. ಗಾಳಿಯ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ತೂತು ಕಟ್ಟಿದೆಯಾ ನೋಡಿದಳು. ಹಾಸ್ಟೆಲಿನಲ್ಲಿ ಯಾರಾದರೂ ಆಸಿಡ್ ಸುರಿದಿರಬಹುದಾ ಅಂತ ಹೋಗಿ ವಿಚಾರಿಸಿದಳು. ಅಡುಗೆಯವರನ್ನು ಗದರಿದಳು ಕೂಡ. ನಾಲ್ಕು ದಿನ ಹೋಯಿತು. ಅವಳು ಮೊಣಕೈವರೆಗೆ ಆ ನೀರಿನಲ್ಲಿ ಕೈ ಹಾಕಿ ಹುಡುಕುತ್ತಿದ್ದದ್ದನ್ನು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತು ನೋಡಿದವನು ನಾನು.

ಅಷ್ಟರಲ್ಲಿ ಕಟ್ಟದ ನೀರಿನ ಮೇಲೆ ಬೂದು ಪೊರೆ ಬಂತು. ಒಂದು ಬೆಳಿಗ್ಗೆ ಮುಗುಡು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಟ್ಟದ ಕೆಲಸ ನೋಡಿಕೊಳ್ಳುವ ಯಜಮಾನರು, ವಯಸ್ಸಾದವರು, ಹಲಗೆಯ ಮೇಲೆ ಕೂತು ಒಂದೊಂದನ್ನೇ ಕೋಲಿನಲ್ಲಿ ದಡಕ್ಕೆ ಎಳೆಯುತ್ತಿದ್ದರು. ನನ್ನನ್ನು ಕಂಡು, “ನಿನ್ನ ಪೈಪಿನದ್ದು ಅಲ್ಲ ತಾನೆ ಮಾರಾಯ?” ಅಂತ ಕೇಳಿದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಾನು, “ನೋಡುವ,” ಅಂದೆ. ಅಷ್ಟೆ ಅಂದೆ.

ಮರುದಿನ ನಾನು ಗಂಜಿ ಉಣ್ಣಲಿಕ್ಕೆ ಮನೆಗೆ ಬಂದಾಗ ಬಚ್ಚಲಿನಲ್ಲಿ ಮಗುವನ್ನು ಮೀಯಿಸುವ ತಯಾರಿ ನಡೆದಿತ್ತು. ಹೆಂಡತಿ ಕಾಲು ಚಾಚಿ ಕೂತಿದ್ದಳು, ಮಗು ಎಣ್ಣೆ ಹಚ್ಚಿಸಿಕೊಂಡು ಅವಳ ಕಾಲ ಮೇಲೆ. ಮಗಳು ಹಂಡೆಯ ನೀರನ್ನು ಚೆಂಬಿನಲ್ಲಿ ತೆಗೆದು ಮೂಸಿದಳು.

“ಅಮ್ಮ, ಇವತ್ತೂ ವಾಸನೆ ಉಂಟು.”

“ಹಂಡೆ ಮೂರು ಸಲ ತಿಕ್ಕಿದೆ ಮಗಾ. ಎಂತದು ಅಂತಲೇ ಗೊತ್ತಾಗುದಿಲ್ಲ. ಸ್ವಲ್ಪ ಅರಸಿನ ಹಾಕುವ.”

“ಅಪ್ಪನಿಗೆ ತೋರಿಸು. ಬಾವಿಯ ವಿಷಯ ಅವರಿಗೆ ಗೊತ್ತಾಗದೆ ಯಾರಿಗೆ ಗೊತ್ತಾಗ್ತದೆ?”

ನಾನು ಬಾವಿಗೆ ಹೋಗಿ ಒಂದು ಕೊಡಪಾನ ಸೇದಿದೆ. ಮೂಸಬೇಕಾಗಿರಲಿಲ್ಲ, ಹಗ್ಗಕ್ಕೇ ಹಿಡಿದಿತ್ತು. ನನ್ನ ಟ್ಯಾಂಕಿನ ವಾಸನೆ. ಅದರಲ್ಲಿ ಎಷ್ಟು ದಿನದಿಂದ ಮಗು ಮೀಯುತ್ತಿತ್ತೋ. ಒಳಗೆ ಬಂದು ಹಂಡೆಯ ಬಿಸಿನೀರನ್ನೆಲ್ಲ ಬಚ್ಚಲಿಗೆ ಚೆಲ್ಲಿಬಿಟ್ಟೆ. ಹೆಂಡತಿ, “ಹುಚ್ಚು ಹಿಡಿದಿದೆಯಾ ನಿಮಗೆ?” ಅಂದಳು. ಹೇಳಿದೆ. ತೊಳೆದದ್ದು, ಮಣ್ಣು ಮುಚ್ಚಿದ್ದು, ಕರೆಂಟಿನ ಸುಳ್ಳು.  ಮಗಳು ಮಗುವನ್ನು ಎತ್ತಿ ಟವಲಿನಲ್ಲಿ ಸುತ್ತಿಕೊಂಡಳು, ಎಣ್ಣೆ ಮೈಯಲ್ಲೇ.

ಗಂಜಿ ಉಣ್ಣದೆ ಟ್ಯಾಂಕಿಗೆ ವಾಪಸು ಹೋದೆ. ಎಂಜಿನಿಯರ್ ಹುಡುಗಿಗೂ ಎಲ್ಲ ಹೇಳಿದೆ. ಬೈಯುತ್ತಾಳೆ ಅಂತ ತಲೆ ತಗ್ಗಿಸಿ ನಿಂತೆ. ಅವಳು ಮೆಟ್ಟಿಲ ಮೇಲೆ ಕೂತಳು.

“ನಾಕ್ ದಿನಾ ಹೋದುವಲ್ರಿ ಅಜ್ಜಾ. ಮೊದ್ಲ ಹೇಳಿದ್ರ ಬಾವಿತನಕ ಮುಟ್ಟತಿರಲಿಲ್ಲ.”

ಬೈದಿದ್ದರೆ ಒಳ್ಳೆಯದಿತ್ತು.

ಮೊದಲು ತೋಡಿಗೆ ಹೋಗುವ ಪೈಪಿನ ವಾಲ್ವ್ ಮುಚ್ಚಿದೆವು. ಇನ್ನು ಬರುವ ನೀರನ್ನು ಟ್ಯಾಂಕರಿನಲ್ಲಿ, ಕೊಳಚೆ ಶುದ್ಧ ಮಾಡುವ ಬೇರೆ ದೊಡ್ಡ ಘಟಕಕ್ಕೆ ಸಾಗಿಸಬೇಕು. ಮನೆಗಳಿಂದ ಬರುವುದು ಕಡಿಮೆಯಾಗದಿದ್ದರೆ ತೊಟ್ಟಿ ಒಂದೇ ದಿನದಲ್ಲಿ ಉಕ್ಕುತ್ತದೆ. ಕಾರ್ಯದರ್ಶಿಯ ಜೊತೆ ಮನೆಮನೆಗೆ ಹೋಗಿ ನಾನೇ ಹೇಳಿದೆ: ನನ್ನಿಂದ ಹೀಗಾಗಿದೆ, ನೀರು ಹಿಡಿತದಲ್ಲಿ ಖರ್ಚು ಮಾಡಿ.

“ಮೀಯುವುದೂ ಬೇಡವಾ ಅಜ್ಜೆರೆ?” ಒಬ್ಬಾಕೆ ಕೇಳಿದರು.

“ಮೀಯಿರಿ ಅಕ್ಕ. ಒಂದು ಬಾಲ್ದಿಯಲ್ಲಿ ಮುಗಿಸಿ.”

“ನಮ್ಮವರು ಮೊದಲೇ ಮೀಯುವುದು ಕಡಿಮೆ, ಇನ್ನು ಅದಕ್ಕೆ ಕಾರಣವೂ ಸಿಕ್ಕಿತು,” ಅಂದರು. ಕಾರ್ಯದರ್ಶಿ ನಕ್ಕರು. ನಾನು ಮುಂದಿನ ಮನೆಗೆ ಹೋದೆ.

ಟ್ಯಾಂಕಿಗೆ ಹೊಸ ಜೀವ ಬೇಕು, ಅಂದರೆ ಬೇರೆ ಘಟಕದ ಕಂದು ಕೆಸರು. ಮೂಡುಬಿದಿರೆಯ ಆಚೆ ಒಂದು ಹಾಸ್ಟೆಲಿನ ಘಟಕದವರು ಕೊಡಲು ಒಪ್ಪಿದರು. ಮೊದಲ ಲೋಡು ಬೆಳಿಗ್ಗೆ ಹೊರಟಿತು. ಡ್ರೈವರ್ ದಾರಿಯಲ್ಲಿ ಊಟಕ್ಕೆ ನಿಂತ, ಊಟದ ಮೇಲೆ ಗಾಡಿಯ ನೆರಳಿನಲ್ಲಿ ಸ್ವಲ್ಪ ಮಲಗಿದ. ಬಿಸಿಲಿನಲ್ಲಿ ಮುಚ್ಚಿದ ಟ್ಯಾಂಕರು, ಒಳಗೆ ಗಾಳಿಯಿಲ್ಲ. ಅವನು ಬಂದು ಮುಚ್ಚಳ ತೆಗೆದಾಗ ಕೆಸರು ಕಪ್ಪಾಗಿತ್ತು.

“ಉಸರು ಕಟ್ಟಿ ಸತ್ತಾವ,” ಅಂದಳು ಹುಡುಗಿ.

“ಕೆಸರಿಗೆ ಎಂತ ಉಸಿರು ಮಾರಾಯ್ರೆ?” ಅಂತ ಡ್ರೈವರ್ ನನ್ನ ಮುಖ ನೋಡಿದ. ಅವನಿಗೆ ಬೈಯಲಿಕ್ಕೆ ನನಗೆ ಬಾಯಿ ಇರಲಿಲ್ಲ. ಹದಿನೈದು ದಿನದ ಹಿಂದೆ ಅದೇ ಮಾತನ್ನು ನಾನೂ ಕೇಳುತ್ತಿದ್ದೆ.

ಅದೇ ಸಂಜೆ ಕಟ್ಟದವರ ಮುಂದೆ ನಿಂತು ಹೇಳಿದೆ. ಏಳೆಂಟು ಜನ ಇದ್ದರು. ಒಬ್ಬರು ಕೈಯಲ್ಲಿದ್ದ ಅಲಸಂಡೆಯ ಕಟ್ಟನ್ನು ನನ್ನ ಕಾಲ ಬುಡಕ್ಕೆ ಎಸೆದು, “ಇದನ್ನು ನಿನ್ನ ಮನೆಗೆ ಕೊಂಡುಹೋಗು, ಪಲ್ಯ ಮಾಡಿ ತಿನ್ನು,” ಅಂದರು. ಯಜಮಾನರು ಮಾತ್ರ ಮೆಲ್ಲಗೆ ಕೇಳಿದರು.

“ಕಟ್ಟ ತೆಗೆದರೆ ಬಾವಿಗಳು ಬತ್ತುತ್ತವೆ. ಇಟ್ಟರೆ ಬಾವಿಗಳು ಕೊಳೆಯುತ್ತವೆ. ಎಂತ ಮಾಡುವ, ನೀನೇ ಹೇಳು.”

ಕಟ್ಟ ಇಟ್ಟುಕೊಂಡು ಒಂದು ತಿಂಗಳು ಕಾದರೆ ನೀರು ತನ್ನಿಂದ ತಾನೇ ಸರಿಯಾದೀತು ಅಂತ ಹೇಳಬಹುದಿತ್ತು. ಕೆಲವರಿಗೆ ಅದೇ ಬೇಕಿತ್ತು. ನನಗೂ ಅದೇ ಬೇಕಿತ್ತು. ಕಟ್ಟ ಹೋದರೆ ನನ್ನ ಬಾವಿಯಲ್ಲಿ ಜನವರಿ ಮುಗಿಯುವ ಮೊದಲು ತಳ ಕಾಣುತ್ತದೆ, ಬಾಣಂತಿಯನ್ನು, ಮಗುವನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಆದರೆ ನಿಂತ ಕೆಟ್ಟ ನೀರು ಮುರಕಲ್ಲಿನ ಒಳಗೆ ಎಷ್ಟು ದೂರ ಹೋಗುತ್ತದೆ ಅನ್ನುವುದು ಅಲ್ಲಿದ್ದವರಲ್ಲಿ ಬಾವಿಗೆ ಇಳಿದ ನನಗೆ ಮಾತ್ರ ಗೊತ್ತಿತ್ತು. ಈಗ ಕೆಟ್ಟದ್ದು ಮೂರು ಬಾವಿ. ಇನ್ನೊಂದು ತಿಂಗಳಿಗೆ ಎಷ್ಟೋ.

“ತೆಗೆಯುವ,” ಅಂದೆ.

ಒಮ್ಮೆಲೇ ಒಡೆಯಬಾರದು ಅಂತ ಹುಡುಗಿ ಹೇಳಿದ್ದಳು. ಅಷ್ಟೂ ಕೆಟ್ಟ ನೀರು ಒಟ್ಟಿಗೆ ತೋಡು ಸೇರುವ ಹೊಳೆಗೆ ಬಿದ್ದರೆ ಅಲ್ಲಿಯ ಮೀನೂ ಸಾಯುತ್ತದೆ. ದಿನಕ್ಕೆ ಸಾಲಿಗೆ ಒಂದೇ ಹಲಗೆ, ಮೇಲಿನದ್ದು ಮೊದಲು. ತೆಳ್ಳಗೆ ಕಲ್ಲಿನ ಮೇಲೆ ಬೀಳುತ್ತಾ ನೀರು ಗಾಳಿ ಹಿಡಿದುಕೊಂಡು ಹೋಗಬೇಕು. ಆರು ದಿನ, ಎರಡೂ ಸಾಲಿನಲ್ಲಿ ಒಂದರ ಮೇಲೊಂದು ಇಟ್ಟ ಆರಾರು ಹಲಗೆ. ಆರೂ ದಿನ ಮಣ್ಣು ಬಗೆದು ಹಲಗೆ ಎತ್ತಿದವನು ನಾನು, ಯಾರೂ ಕೈ ಹಾಕಲಿಲ್ಲ. ಹಾಕಬೇಕು ಅಂತ ನಾನೂ ಕೇಳಲಿಲ್ಲ.

ಎರಡನೇ ಲೋಡಿಗೆ ಡ್ರೈವರ್ ಪಕ್ಕದಲ್ಲಿ ನಾನೇ ಕೂತೆ. ಅವನ ಊಟವನ್ನು ಹೆಂಡತಿಯ ಹತ್ತಿರ ಕಟ್ಟಿಸಿಕೊಂಡು ಹೋಗಿದ್ದೆ, ತಲುಪಿದ ಮೇಲೆಯೇ ಕೊಟ್ಟದ್ದು. “ಇಷ್ಟು ಅವಸರದಲ್ಲಿ ನಾನು ಹೆರಿಗೆಗೂ ಗಾಡಿ ಬಿಟ್ಟದ್ದಿಲ್ಲ ಅಜ್ಜೆರೆ,” ಅಂದ. ಬ್ಲೋವರ್ ಓಡುತ್ತಿದ್ದ ಹಾಗೇ ಕೆಸರನ್ನು ಒಳಗೆ ಬಿಟ್ಟೆವು. ಮೊದಲ ದಿನ ಕಾಲೊನಿಯ ನೀರು ಸ್ವಲ್ಪವೇ; ಮರುದಿನ ಇನ್ನಷ್ಟು. ಬಾಣಂತಿಗೆ ಊಟ ಕೊಡುವ ಲೆಕ್ಕದಲ್ಲಿ. ಮೂರು ದಿನ ಜಾಡಿಯಲ್ಲಿ ಏನೂ ಕಾಣಲಿಲ್ಲ. ನಾಲ್ಕನೇ ದಿನ ತಳದಲ್ಲಿ ಬೆರಳಿನ ದಪ್ಪ ಕಂದು ಕೂತಿತ್ತು. ಹುಡುಗಿ ಜಾಡಿಯನ್ನು ಬೆಳಕಿಗೆ ಹಿಡಿದು ನಕ್ಕಳು. ನಾನು ನೋಡಿದೆ, ನಗು ಬರಲಿಲ್ಲ.

ಅಳಿಯ ಬೆಳ್ತಂಗಡಿಯಿಂದ ಕಾರು ತಂದದ್ದು ಅದೇ ದಿನ. ತವರಿಗೆ ಬಂದ ಹದಿನೆಂಟು ದಿನಕ್ಕೆ ಮಗಳು ಬಾಣಂತನ ಅರ್ಧದಲ್ಲಿ ಬಿಟ್ಟು ಹೊರಟಳು. ಅಳಿಯ ಒಳ್ಳೆಯವ. “ನೀರು ಸರಿಯಾದ ಮೇಲೆ ಬರ್ತೇವೆ ಮಾವ,” ಅಂದ. ಹೆಂಡತಿ ಬೆಳಗಿದ ಹಂಡೆಯನ್ನು ಮಗುಚಿ ಇಟ್ಟಳು.

ಫೆಬ್ರವರಿಯಲ್ಲಿ ಅಲಸಂಡೆ ಒಣಗಿತು, ಬಸಳೆಯ ಚಪ್ಪರ ಬಿಚ್ಚಿದರು. ನಾನು ನನ್ನ ಬಾವಿಗೂ ಉಳಿದ ಎರಡು ಬಾವಿಗೂ ಇಳಿದು ಕೆಸರು ತೆಗೆದೆ. ಟ್ಯಾಂಕು ಅಷ್ಟರಲ್ಲಿ ಪೂರ್ತಿ ಕಂದಾಗಿತ್ತು, ಬಿಟ್ಟ ನೀರು ತಿಳಿಯಾಗಿತ್ತು. ಬತ್ತಿದ ತೋಡಿನಲ್ಲಿ ಅದೊಂದೇ ಗೆರೆ ಎಳೆದ ಹಾಗೆ ಹರಿಯುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ದನಕ್ಕೂ ಕುಡಿಸುತ್ತಿರಲಿಲ್ಲ.

ಈ ಸಲ ಮಳೆ ಬಿಟ್ಟ ಮೇಲೆ ಕಟ್ಟ ಹಾಕುವ ದಿನ ನಾನೂ ಹೋದೆ. ಯಜಮಾನರು ಎಲ್ಲರ ಎದುರು ಕೇಳಿದರು.

“ನಿನ್ನ ಪೈಪಿನ ನೀರು ಈಗ ಸರಿ ಉಂಟಾ?”

“ಸರಿ ಉಂಟು. ದಿನಾ ನೋಡ್ತೇನೆ.”

“ಆ ನೀರಿನಲ್ಲಿ ನಿನ್ನ ಮೊಮ್ಮಗಳನ್ನು ಮೀಯಿಸ್ತೀಯಾ?”

ಹೌದು ಅಂದಿದ್ದರೆ ಹಲಗೆಗಳು ಹಳೆಯ ಜಾಗಕ್ಕೇ ಹೋಗುತ್ತಿದ್ದವು. ನನ್ನ ಬಾವಿ ತುಂಬುತ್ತಿತ್ತು. ಅವರು ಕೇಳಲಿಕ್ಕೆ ಕಾಯುತ್ತಿದ್ದದ್ದು ಅದೊಂದೇ ಮಾತು.

“ಇಲ್ಲ,” ಅಂದೆ. “ಗಿಡಕ್ಕೆ ಆಗ್ತದೆ, ಹೊಳೆಗೆ ಆಗ್ತದೆ. ಮಗುವಿಗೆ ಆಗುದಿಲ್ಲ. ಟ್ಯಾಂಕು ನಾಳೆ ಕೆಡುವುದಿಲ್ಲ ಅಂತ ನಾನು ಹೇಳಿದರೆ ನೀವು ನಂಬಬಾರದು.”

 ಯಜಮಾನರು ಒಂದು ಹಲಗೆ ಹೆಗಲಿಗೆ ಏರಿಸಿ ತೋಡಿನ ಗುಂಟ ಮೇಲಕ್ಕೆ ನಡೆದರು, ಉಳಿದವರು ಹಿಂದಿನಿಂದ. ನನ್ನ ಪೈಪು ದಾಟಿ ಐವತ್ತು ಹೆಜ್ಜೆ ಮೇಲೆ ಹೊಸ ಕಟ್ಟ ಹಾಕಿದರು. ನಾನೂ ಜೇಡಿಮಣ್ಣು ಹೊತ್ತೆ. ಅಲ್ಲಿಂದ ಅವರ ಗದ್ದೆಗಳಿಗೆ ಪೈಪು ಎಳೆದುಕೊಂಡಿದ್ದಾರೆ. ಕೆಳಗಿನ ಬಾವಿಗಳಿಗೆ ಮಾತ್ರ ಕಟ್ಟದ ನೀರು ಇನ್ನು ಇಲ್ಲ. ನನ್ನ ಮನೆಯ ಎದುರಿನ ತೋಡಿನಲ್ಲಿ ಈಗ ಹರಿಯುವುದು ನಾನು ಬಿಟ್ಟ ನೀರು ಮಾತ್ರ.

ಕಳೆದ ಭಾನುವಾರ ಮಗಳು ಬಂದಿದ್ದಳು. ಮೊಮ್ಮಗಳು ರಿಕ್ಷಾದಿಂದಲೇ ನನ್ನ ಕಡೆ ಕೈ ಚಾಚಿದಳು. ಅಷ್ಟು ಸಂತೋಷ ಒಂದು ಮೈಯಲ್ಲಿ ಹಿಡಿಯುವುದಿಲ್ಲ. ಅವಳನ್ನು ಎತ್ತಿಕೊಂಡು ಅಂಗಳವೆಲ್ಲ ಸುತ್ತಿದೆ. ಹಿಂದಿನಿಂದ ಅಳಿಯ ಎರಡು ಕ್ಯಾನು ನೀರು ಇಳಿಸಿದ, ಬೆಳ್ತಂಗಡಿಯ ಅವರ ಬಾವಿಯದ್ದು. ಹೆಂಡತಿ ನೋಡಿದಳು, ನಾನೂ ನೋಡಿದೆ.  ಒಂದು ಕ್ಯಾನಿನ ನೀರು ಕಾಯಿಸಿ ಮಗುವನ್ನು ಮೀಯಿಸಿದರು. ಸಂಜೆ ಹೊರಡುವಾಗ ಅಳಿಯ ಇನ್ನೊಂದು ಕ್ಯಾನನ್ನು ರಿಕ್ಷಾಕ್ಕೆ ಎತ್ತಲು ಹೋದ.

“ಅದು ಇರಲಿ,” ಅಂದಳು ಮಗಳು. “ಅಪ್ಪ ಅಮ್ಮನಿಗೆ ಕುಡಿಯಲಿಕ್ಕೆ ಆಯ್ತು.”